ಬಿಚ್ಚಿದ ಹಾಗೇ ಜೋಡಿಸಿ ಅನ್ನೋ ಪುಸ್ತಕ

ವಿಮರ್ಶೆ ಅಂದ ಕೂಡಲೇ ನಮಗೆ ನೆನಪಾಗೋದು ಕಾದಂಬರಿ, ಕವನ ಸಂಕಲನ, ಸಿನಿಮಾ. ಆದರೆ ಓದುಗನ ಜೀವವನ್ನೇ ತನ್ನ ವಾಕ್ಯಗಳ ಮೇಲೆ ಹೊತ್ತುಕೊಂಡಿರೋ ಬರವಣಿಗೆಯೂ ಇದೆ. ಮಾತ್ರೆ ಡಬ್ಬಿಯೊಳಗಿನ ಚೀಟಿ, ಪ್ರೆಶರ್ ಕುಕ್ಕರ್ ಜೊತೆ ಬರೋ ಕಿರುಪುಸ್ತಕ, ಕಾರಿನ ರಿಪೇರಿ ಮ್ಯಾನ್ಯುಯಲ್. ಇವನ್ನು ಯಾರೂ ವಿಮರ್ಶೆ ಮಾಡಲ್ಲ. ತಪ್ಪು ಉಪಮೆ ಬಳಸಿದ ಕವಿಗೆ ಹೆಚ್ಚೆಂದರೆ ನಾಲ್ಕು ಜನ ಬೈತಾರೆ. ಮ್ಯಾನ್ಯುಯಲ್‌ನಲ್ಲಿ ಒಂದು ಸಾಲು ಬಿಟ್ಟುಹೋದರೆ ಎಂಬತ್ತರ ಸ್ಪೀಡಿನಲ್ಲಿ ಚಕ್ರ ಒಂದು ಕಡೆ, ಕಾರು ಒಂದು ಕಡೆ.

ಹಾಗಾಗಿ ಈ ಸಲ ಹೇನ್ಸ್ ಮ್ಯಾನ್ಯುಯಲ್ ಕೈಗೆತ್ತಿಕೊಂಡಿದ್ದೀನಿ. ಇಡೀ ಪುಸ್ತಕ ಬೇಡ, ಸಸ್ಪೆನ್ಶನ್ ಅಧ್ಯಾಯ ಸಾಕು. ಅದರಲ್ಲೂ ಮುಂದಿನ ಚಕ್ರದ ಲೋಯರ್ ಆರ್ಮ್ ಮತ್ತು ಬಾಲ್ ಜಾಯಿಂಟ್ ಬದಲಾಯಿಸೋದನ್ನು ಹೇಳೋ ಎರಡು ಪುಟ ಇದ್ದರೆ ಇನ್ನೂ ಒಳ್ಳೇದು. ಒಂದು ಬರಹ ತನ್ನ ಓದುಗನನ್ನು ಎಷ್ಟು ಗೌರವಿಸುತ್ತೆ, ಎಲ್ಲಿ ಕೈ ಬಿಡುತ್ತೆ ಅನ್ನೋದು ಆ ಎರಡು ಪುಟದಲ್ಲೇ ಗೊತ್ತಾಗಿಬಿಡುತ್ತೆ.

ಮೊದಲು ಪುಸ್ತಕದ ಕುಲಗೋತ್ರ. ಜಾನ್ ಹೇನ್ಸ್ ಹುಟ್ಟಿದ್ದು 1938ರಲ್ಲಿ, ಆಗಿನ ಸಿಲೋನಿನಲ್ಲಿ. ಬೆಳೆದದ್ದು ಚಹಾ ತೋಟದಲ್ಲಿ, ಓದಿಗೆ ಹೋದದ್ದು ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ. ಶಾಲೆಯಲ್ಲಿರುವಾಗಲೇ ಒಂದು ಹಳೇ ಆಸ್ಟಿನ್ ಸೆವೆನ್ ಕಾರನ್ನು ಸ್ಪೋರ್ಟ್ಸ್ ಕಾರಿನ ಥರ ಮಾರ್ಪಡಿಸಿ, ಅದನ್ನು ಹೇಗೆ ಮಾಡಿದೆ ಅಂತ ಸಣ್ಣ ಪುಸ್ತಕ ಬರೆದು ಮಾರಿದ. ಆಮೇಲೆ ಬ್ರಿಟಿಷ್ ವಾಯುಪಡೆ ಸೇರಿ ಏಡನ್‌ಗೆ ಹೋದ. ಅಲ್ಲಿ ಸಹೋದ್ಯೋಗಿಯೊಬ್ಬನ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರನ್ನು ಬಿಚ್ಚಿ ಕಟ್ಟುವಾಗ, ಕಂಪನಿಯ ಮ್ಯಾನ್ಯುಯಲ್ ಸಾಮಾನ್ಯ ಮನುಷ್ಯನಿಗೆ ಬರೆದದ್ದಲ್ಲ ಅಂತ ಅವನಿಗೆ ಅನ್ನಿಸಿತು. 1966ರಲ್ಲಿ ಅದೇ ಸ್ಪ್ರೈಟ್ ಬಗ್ಗೆ ಮೊದಲ ಹೇನ್ಸ್ ಮ್ಯಾನ್ಯುಯಲ್ ಬಂತು. ಮುಂದೆ ಅದೇ ಪದ್ಧತಿ ಆಯ್ತು: ಒಂದು ಕಾರು ತಗೋ, ಪೂರ್ತಿ ಬಿಚ್ಚು, ಮತ್ತೆ ಜೋಡಿಸು, ಪ್ರತಿ ಹೆಜ್ಜೆಗೂ ಫೋಟೋ ತೆಗಿ, ಬರಿ. ಪ್ರಪಂಚದಾದ್ಯಂತ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಗಿವೆ. ಹೇನ್ಸ್ ತೀರಿಕೊಂಡದ್ದು 2019ರಲ್ಲಿ. ಹೊಸ ಕಾರುಗಳಿಗೆ ಅಚ್ಚಾದ ಮ್ಯಾನ್ಯುಯಲ್ ತರೋದಿಲ್ಲ ಅಂತ ಕಂಪನಿ ಹೇಳಿದ್ದು ಮರುವರ್ಷ, 2020ರಲ್ಲಿ.

ಈ ಪುಸ್ತಕ ಬ್ರಿಟನ್ನಿನಲ್ಲೇ ಯಾಕೆ ಬೆಳೀತು? ಅಲ್ಲಿ 1960ರಿಂದ ಹಳೇ ಕಾರುಗಳಿಗೆ ಎಂಒಟಿ ಅನ್ನೋ ಕಡ್ಡಾಯ ಪರೀಕ್ಷೆ ಇದೆ. ಈಗಂತೂ ಪ್ರತಿ ವರ್ಷ. ಬಾಲ್ ಜಾಯಿಂಟ್ ಮಿತಿಮೀರಿ ಸವೆದಿದ್ದರೆ ಫೇಲ್. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಹಾಗಾಗಿ ತಳದ ಕಬ್ಬಿಣವೆಲ್ಲ ತುಕ್ಕು. ಗ್ಯಾರೇಜಿನ ಕೂಲಿ ಗಂಟೆ ಲೆಕ್ಕ, ದುಬಾರಿ. ಫೇಲ್ ಆದ ಚೀಟಿ ಹಿಡಿದುಕೊಂಡು ಮನೆಗೆ ಬಂದ ಗುಮಾಸ್ತ, ಮೇಷ್ಟ್ರು, ಕಾರ್ಖಾನೆ ಕೆಲಸದವನು ಶನಿವಾರ ತಾನೇ ಕಾರಿನಡಿ ಮಲಗುತ್ತಿದ್ದ. ಆ ಶನಿವಾರದ ಮನುಷ್ಯನೇ ಹೇನ್ಸ್‌ನ ಓದುಗ. ಆನ್‌ಸೈಟಿಗೆ ಹೋದಾಗ ಚಾರಿಟಿ ಅಂಗಡಿಯೊಂದರಲ್ಲಿ ಎರಡು ಪೌಂಡಿಗೆ ನನಗೆ ಸಿಕ್ಕ ಪ್ರತಿಯಲ್ಲಿ ಸಸ್ಪೆನ್ಶನ್ ಪುಟಗಳ ಅಂಚಲ್ಲೆಲ್ಲ ಗ್ರೀಸಿನ ಬೆರಳಚ್ಚು ಇತ್ತು. ಎಂಜಿನಿನ ಒಳಭಾಗದ ಪುಟಗಳು ಹೊಚ್ಚ ಹೊಸದು. ಪುಸ್ತಕದ ಯಾವ ಭಾಗ ಬದುಕಿತ್ತು ಅಂತ ಆ ಬೆರಳಚ್ಚೇ ಹೇಳುತ್ತೆ.

ಈಗ ಆ ಭಾಗ ಏನು ಅಂತ ನೋಡೋಣ. ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲು ಮುಂದಿನ ಸಸ್ಪೆನ್ಶನ್ ಮ್ಯಾಕ್‌ಫರ್ಸನ್ ಸ್ಟ್ರಟ್ ಅನ್ನೋ ಬಗೆಯದು. 1950ರಲ್ಲಿ ಬ್ರಿಟಿಷ್ ಫೋರ್ಡ್ ಕಾನ್ಸುಲ್ ಜೊತೆ ಜನರ ಕೈಗೆ ಬಂದ ವಿನ್ಯಾಸ. ಇದರಲ್ಲಿ ಕಾರಿನ ತೂಕ ಹೊರೋದು ಮೇಲಿನ ಸ್ಪ್ರಿಂಗು. ಕೆಳಗಿನ ಆರ್ಮ್ ಚಕ್ರದ ಪಾದ ಹಿಡಿದುಕೊಂಡಿರುತ್ತೆ: ತಿರುವಿನಲ್ಲಿ ಹೊರಕ್ಕೆ ಓಡದಂತೆ, ಬ್ರೇಕ್ ಹಾಕಿದಾಗ ಹಿಂದಕ್ಕೆ ಸರಿಯದಂತೆ. ಆರ್ಮಿನ ಒಳತುದಿಯಲ್ಲಿ ಸಾಮಾನ್ಯವಾಗಿ ಎರಡು ರಬ್ಬರ್ ಬುಷ್, ಹೊರತುದಿಯಲ್ಲಿ ಒಂದು ಬಾಲ್ ಜಾಯಿಂಟ್. ನಮ್ಮ ಸೊಂಟದ ಕೀಲು ಹೇಗೋ ಹಾಗೆ: ಬಟ್ಟಲೊಳಗೆ ಗುಂಡು. ಚಕ್ರ ಮೇಲೆ ಕೆಳಗೆ ಆಡಬೇಕು, ಎಡಕ್ಕೆ ಬಲಕ್ಕೆ ತಿರುಗಲೂ ಬೇಕು, ಎರಡಕ್ಕೂ ಇದೊಂದೇ ಕೀಲು.

ಎತ್ತಿನಗಾಡಿ ಕಂಡವರಿಗೆ ಕೀಲೆಣ್ಣೆ ಗೊತ್ತಿರುತ್ತೆ. ನಮ್ಮೂರಲ್ಲಿ ದೂರದ ಪ್ರಯಾಣಕ್ಕೆ ಮುಂಚೆ ಕಡಾಣಿ ತೆಗೆದು, ಚಕ್ರ ಸರಿಸಿ, ಅಚ್ಚಿಗೆ ಕೀಲೆಣ್ಣೆ ಬಳೀತಿದ್ರು. ಹಳೇ ಕಾರುಗಳ ಬಾಲ್ ಜಾಯಿಂಟಿಗೂ ಗ್ರೀಸ್ ತುಂಬೋಕೆ ನಿಪ್ಪಲ್ ಇರ್ತಿತ್ತು. ಈಗಿನವು ಬಹುತೇಕ ಸೀಲ್ ಆಗಿ ಬರುತ್ತವೆ. ಮೇಲಿನ ರಬ್ಬರ್ ಟೋಪಿ ಹರಿದರೆ ನೀರು, ಮಣ್ಣು ಒಳಗೆ ಹೋಗುತ್ತೆ. ಗ್ರೀಸ್ ತೊಳೆದುಹೋಗಿ ಗುಂಡು ಸವೆಯುತ್ತೆ. ಹಂಪ್ ದಾಟುವಾಗ 'ಟಕ್' ಅನ್ನೋ ಶಬ್ದ, ನೇರ ರಸ್ತೆಯಲ್ಲೂ ಸ್ಟೀರಿಂಗ್ ಅಲೆಯೋದು, ಟೈರಿನ ಒಂದೇ ಅಂಚು ಬೋಳಾಗೋದು, ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯೋದು, ಇವೆಲ್ಲ ಬುಷ್ ಅಥವಾ ಬಾಲ್ ಜಾಯಿಂಟ್ ಹೋಗ್ತಿರೋದರ ಸೂಚನೆ ಇರಬಹುದು. ಗುಂಡು ಬಟ್ಟಲಿನಿಂದ ಆಚೆ ಬಂತು ಅಂದ್ರೆ ಚಕ್ರ ಮಡಚಿಕೊಂಡು ಮಲಗುತ್ತೆ. ಸ್ಟೀರಿಂಗ್ ತಿರುಗಿಸಿ ಪ್ರಯೋಜನ ಇಲ್ಲ.

ಇಷ್ಟು ಗಂಭೀರ ವಿಷಯವನ್ನು ಹೇನ್ಸ್ ಹೇಗೆ ಬರೀತಾನೆ?

ಮೊದಲು ಒಳ್ಳೇದು ಹೇಳೋಣ. ಪ್ರತಿ ಕೆಲಸದ ತಲೆಯ ಮೇಲೆ ಸ್ಪಾನರ್ ಚಿತ್ರಗಳಿರುತ್ತವೆ, ಒಂದರಿಂದ ಐದರವರೆಗೆ. ಒಂದು ಸ್ಪಾನರ್ ಅಂದ್ರೆ ಹೊಸಬನೂ ಮಾಡಬಹುದು, ಐದು ಅಂದ್ರೆ ಪರಿಣತರಿಗೆ ಮಾತ್ರ. ಓದುಗನಿಗೆ ಅವನ ಅಳತೆ ಅವನೇ ತಿಳಿದುಕೊಳ್ಳೋ ಅವಕಾಶ ಇದು. ಎಷ್ಟು ಮಾರುದ್ದದ ಸ್ವಸಹಾಯ ಪುಸ್ತಕಗಳಲ್ಲಿ ಈ ಸೌಜನ್ಯ ಇದೆ ಹೇಳಿ? ಎರಡನೇದು, ಭಾಷೆಯ ಮಿತವ್ಯಯ. ವಿಶೇಷಣ ಇಲ್ಲ, ಪ್ರೋತ್ಸಾಹದ ಮಾತಿಲ್ಲ. ಹಿಂದಿನ ಚಕ್ರಕ್ಕೆ ಅಡ್ಡಗಲ್ಲು ಕೊಡು, ನೆಲದ ಮೇಲಿರುವಾಗಲೇ ಚಕ್ರದ ನಟ್ ಸಡಿಲಿಸು, ಜಾಕ್ ಹಾಕು, ಸ್ಟ್ಯಾಂಡ್ ಮೇಲೆ ಕೂರಿಸು, ಆಮೇಲೆ ಚಕ್ರ ತೆಗಿ. ಈ ಕ್ರಮವೇ ಅದರ ನೀತಿ. ಬರೀ ಜಾಕ್ ನಂಬಿ ಕಾರಿನಡಿ ಹೋಗಬೇಡ ಅನ್ನೋದನ್ನು ಪುಸ್ತಕದ ಮೊದಲ ಪುಟಗಳಲ್ಲೇ ಗಟ್ಟಿಯಾಗಿ ಹೇಳಿರುತ್ತೆ. ಮೂರನೇದು, ಹೆಸರು. ಪ್ರತಿ ನಟ್ಟಿಗೂ ಅದರ ಬಿಗಿತ ಎಷ್ಟು ನ್ಯೂಟನ್ ಮೀಟರ್ ಅಂತ ಪಟ್ಟಿ ಇರುತ್ತೆ. 'ಚೆನ್ನಾಗಿ ಟೈಟ್ ಮಾಡಿ' ಅನ್ನೋ ಸೋಮಾರಿ ವಾಕ್ಯಕ್ಕೆ ಅಲ್ಲಿ ಜಾಗ ಇಲ್ಲ.

ಇನ್ನು ತಕರಾರು. ಬಿಚ್ಚೋ ವಿವರ ಒಂದೂವರೆ ಪುಟ ಬರೆದ ಮೇಲೆ, ಜೋಡಿಸೋದಕ್ಕೆ ಬಂದಾಗ ಹೇನ್ಸ್ ಒಂದೇ ಮಾತಲ್ಲಿ ಮುಗಿಸ್ತಾನೆ: ಬಿಚ್ಚಿದ ಕ್ರಮವನ್ನೇ ತಿರುವುಮುರುವು ಮಾಡು, ಆಯ್ತು. ಬ್ರಿಟನ್ನಿನ ಹವ್ಯಾಸಿ ಮೆಕ್ಯಾನಿಕ್‌ಗಳು ಇದೇ ಮಾತಿಗೆ ಐವತ್ತು ವರ್ಷದಿಂದ ನಗ್ತಾ ಬಂದಿದ್ದಾರೆ. ಪ್ರೀತಿಯಿಂದಲೇ 'ಹೇನ್ಸ್ ಸುಳ್ಳಿನ ಪುಸ್ತಕ' ಅಂತ ಅಡ್ಡಹೆಸರೂ ಇಟ್ಟಿದ್ದಾರೆ. ಅವರು ನಗೋದು ಅದು ಹೇಳಿದಷ್ಟು ಸುಲಭ ಅಲ್ಲ ಅಂತ. ನನ್ನ ತಕರಾರು ಸ್ವಲ್ಪ ಬೇರೆ. ಆ ಮಾತು ತಾಂತ್ರಿಕವಾಗಿಯೇ ತಪ್ಪು.

ಬುಷ್ ವಿಷಯ ತಗೊಳ್ಳಿ. ನೋಡೋಕೆ ಬೇರಿಂಗ್ ಥರ ಕಾಣುತ್ತೆ, ಬೋಲ್ಟಿನ ಸುತ್ತ ತಿರುಗುತ್ತೆ ಅಂತ ಅನ್ನಿಸುತ್ತೆ. ಅದು ತಿರುಗಲ್ಲ. ಸಾಮಾನ್ಯ ಬುಷ್‌ನಲ್ಲಿ ಒಳಗೊಂದು ಲೋಹದ ಕೊಳವೆ, ಹೊರಗೊಂದು, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್. ಬೋಲ್ಟ್ ಬಿಗಿದಾಗ ಒಳಕೊಳವೆ ಕಾರಿನ ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡಿದಾಗಲೆಲ್ಲ ರಬ್ಬರ್ ತಿರುಚಿಕೊಂಡು, ಮತ್ತೆ ಮೊದಲಿನ ಸ್ಥಿತಿಗೆ ಬರುತ್ತೆ. ಕಾರು ಸ್ಟ್ಯಾಂಡ್ ಮೇಲಿರುವಾಗ ಚಕ್ರದ ಜಾಗ ಕೆಳಕ್ಕೆ ಜೋತುಬಿದ್ದಿರುತ್ತೆ. ಆ ಭಂಗಿಯಲ್ಲಿ ಬೋಲ್ಟ್ ಬಿಗಿದರೆ, ರಬ್ಬರಿನ ಪಾಲಿಗೆ ಜೋತುಬಿದ್ದ ಭಂಗಿಯೇ ವಿಶ್ರಾಂತಿ. ಕಾರು ನೆಲಕ್ಕಿಳಿದ ಕ್ಷಣದಿಂದ ಅದು ಸದಾ ತಿರುಚಿಕೊಂಡೇ ಇರಬೇಕು. ಪಾರ್ಕಿಂಗಿನಲ್ಲಿ ಸುಮ್ಮನೆ ನಿಂತಿದ್ದಾಗಲೂ! ಹೊಸ ಬುಷ್ ಬೇಗ ಹರಿಯುತ್ತೆ. ಹಾಗಾಗಿ ಮಾಡಬೇಕಾದ್ದು ಇಷ್ಟು: ಎಲ್ಲ ಬೋಲ್ಟನ್ನೂ ಕೈಬಿಗಿತದಲ್ಲಿ ಕೂರಿಸಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ, ಅಥವಾ ಹಬ್ಬಿನ ಕೆಳಗೆ ಜಾಕ್ ಕೊಟ್ಟು ಅಷ್ಟೇ ಎತ್ತರಕ್ಕೆ ತಂದ ಮೇಲೆ, ಕೊನೆಯ ಬಿಗಿತ.

ಬಿಚ್ಚುವಾಗ ಈ ಹೆಜ್ಜೆಯೇ ಇಲ್ಲ. ಸ್ಟ್ಯಾಂಡ್ ಮೇಲಿದ್ದಾಗಲೇ ಬಿಚ್ಚಿರುತ್ತೀರಿ. ಅಂದಮೇಲೆ ತಿರುವುಮುರುವು ಹೇಗಾಗುತ್ತೆ? ಒಮ್ಮೆ ಬಿಚ್ಚಿದ ಸೆಲ್ಫ್ ಲಾಕಿಂಗ್ ನಟ್ ಮತ್ತೆ ಬಳಸಬಾರದು, ಹೊಸದು ಹಾಕಬೇಕು. ಸೀಳು ಪಿನ್ ಇರೋ ಕಿರೀಟದಂಥ ನಟ್ ಆದರೆ ತೂತು ಸರಿಹೊಂದೋವರೆಗೆ ಇನ್ನಷ್ಟು ಬಿಗೀಬೇಕೇ ಹೊರತು ಸಡಿಲಿಸಬಾರದು. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ನೋಡಿಸಬೇಕು. ಇವೆಲ್ಲ ಜೋಡಿಸೋ ದಾರಿಯಲ್ಲಿ ಮಾತ್ರ ಸಿಗೋ ಹೆಜ್ಜೆಗಳು. ಡೇಟಾಬೇಸ್ ಬದಲಾವಣೆಗೆ ರೋಲ್‌ಬ್ಯಾಕ್ ಸ್ಕ್ರಿಪ್ಟ್ ಬರೆದವರಿಗೆ ಇದು ಚೆನ್ನಾಗಿ ಗೊತ್ತು. ಕಾಲಮ್ ಸೇರಿಸಿದ್ದನ್ನು ಅಳಿಸಿದರೆ ಹಿಂದಿನ ಸ್ಥಿತಿ ಬರುತ್ತೆ ಅಂತ ಕಾಗದದ ಮೇಲೆ ಅನ್ನಿಸುತ್ತೆ. ನಡುವೆ ಬಂದು ಕೂತ ಡೇಟಾದ ಗತಿ ಏನು ಅಂತ ಸ್ಕ್ರಿಪ್ಟಿಗೆ ಗೊತ್ತಿರಲ್ಲ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಈ ಎಚ್ಚರಿಕೆ ಹೇನ್ಸ್‌ನಲ್ಲಿ ಇಲ್ಲ ಅಂತಲ್ಲ. ನನ್ನ ಪ್ರತಿಯಲ್ಲಿ ಆ ತಿರುವುಮುರುವು ಮಾತಿನ ಬಾಲಕ್ಕೆ ಇದೆ: ಕಾರು ನೆಲದ ಮೇಲಿರುವಾಗ ಬುಷ್ ಬೋಲ್ಟ್ ಬಿಗಿ ಅಂತ. ಕಾರಣ ಮಾತ್ರ ಇಲ್ಲ. ಕಾರಣ ಇಲ್ಲದ ಎಚ್ಚರಿಕೆಗೆ ಏನಾಗುತ್ತೆ ಗೊತ್ತಲ್ಲ? ಕಾರು ನೆಲಕ್ಕಿಳಿದ ಮೇಲೆ ಆ ಬೋಲ್ಟಿಗೆ ಕೈ ಎಟುಕೋದು ಕಷ್ಟ. ಬೆಳಗ್ಗೆಯಿಂದ ಮಲಗಿ ಕುತ್ತಿಗೆ ಹಿಡಿದುಕೊಂಡಿರುತ್ತೆ. 'ಮೇಲಿದ್ದಾಗಲೇ ಬಿಗಿದುಬಿಡೋಣ, ಏನಾಗುತ್ತೆ' ಅಂತ ಅನ್ನಿಸೋದು ಸಹಜ. ಆ ಗಳಿಗೆಯಲ್ಲಿ ಮನುಷ್ಯನನ್ನು ತಡೆಯೋದು ಆಜ್ಞೆ ಅಲ್ಲ, ಕಾರಣ. ಇನ್ನು ಎರಡು ಸಾಲು ಬರೆದು ರಬ್ಬರ್ ತಿರುಚೋ ಕಥೆ ಹೇಳಿದ್ದರೆ ಸಾಕಿತ್ತು.

ಎರಡನೇ ತಕರಾರು, ಅಲ್ಲಾಡದ ಬೋಲ್ಟ್. ನನ್ನ ಹಳೇ ಹ್ಯಾಚ್‌ಬ್ಯಾಕಿನ ಎಡಗಡೆ ಆರ್ಮ್ ಬದಲಾಯಿಸಿದ್ದು ಊರಲ್ಲಿ, ಮನೆ ಮುಂದಿನ ಸಿಮೆಂಟ್ ಕಣದಲ್ಲಿ. ಬೆಂಗಳೂರಿನ ಬೇಸ್‌ಮೆಂಟಿನಲ್ಲಿ ಚಕ್ರ ಬಿಚ್ಚಿದರೆ ಹತ್ತು ನಿಮಿಷಕ್ಕೆ ಸೆಕ್ಯುರಿಟಿ ಬರ್ತಾರೆ, ಹದಿನೈದಕ್ಕೆ ವಾಟ್ಸಾಪ್ ಗ್ರೂಪಿಗೆ ಫೋಟೋ. ಜೆ.ಸಿ. ರಸ್ತೆಯಲ್ಲಿ ತಗೊಂಡ ಹೊಸ ಆರ್ಮ್, ನನ್ನ ಕಾರಿನದೇ ಸರ್ವೀಸ್ ಮ್ಯಾನ್ಯುಯಲ್ಲಿನ ಟಾರ್ಕ್ ಪಟ್ಟಿ, ಪಕ್ಕದಲ್ಲಿ ಅದೇ ಬಗೆಯ ಸಸ್ಪೆನ್ಶನ್ ಇರೋ ಇಂಗ್ಲಿಷ್ ಕಾರಿನ ಹೇನ್ಸ್. ಇಡೀ ಕೆಲಸಕ್ಕೆ ಸುಮಾರು ಮೂರು ಗಂಟೆ ಹಿಡೀತು. ಅದರಲ್ಲಿ ಒಂದೂವರೆ ಗಂಟೆ ಒಳಗಿನ ಒಂದೇ ಒಂದು ಬೋಲ್ಟಿಗೆ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಟ್ಟಿದ್ದೆ. ಬೆಳಗ್ಗೆ ಮತ್ತೆ ಹೊಡೆದೆ. ಪಾನಾಕ್ಕೆ ಉದ್ದ ಪೈಪ್ ಹಾಕಿ, ಸ್ವಲ್ಪ ಬಿಗಿಯೋ ಕಡೆಗೆ, ಸ್ವಲ್ಪ ಬಿಚ್ಚೋ ಕಡೆಗೆ, ಕೂದಲೆಳೆಯಷ್ಟು ಅಲ್ಲಾಡಿಸ್ತಾ ಕೂತೆ. ಪಕ್ಕದಲ್ಲೇ ರಬ್ಬರ್ ಇರೋದರಿಂದ ಬೆಂಕಿ ತೋರಿಸೋ ಹಾಗಿಲ್ಲ. ಪೈಪಿನ ಮೇಲೆ ಹಾರಿ ಕುಣಿಯೋ ಹಾಗೂ ಇಲ್ಲ, ಕಾರು ನಿಂತಿರೋದು ಸ್ಟ್ಯಾಂಡ್ ಮೇಲೆ. ಹೇನ್ಸ್‌ನಲ್ಲಿ ಈ ಒಂದೂವರೆ ಗಂಟೆಗೆ ಇರೋದು ಒಂದೇ ಕ್ರಿಯಾಪದ: ತೆಗಿ.

ಸಿಕ್ಕಿಹಾಕಿಕೊಂಡ ಸ್ಕ್ರೂ ಬಗ್ಗೆ ಗಂಭೀರವಾಗಿ ಬರೆದವನು ಅಮೆರಿಕದ ರಾಬರ್ಟ್ ಪಿರ್ಸಿಗ್. ಮೋಟಾರ್ ಸೈಕಲ್ ರಿಪೇರಿಯನ್ನೂ ಝೆನ್ ಅನ್ನೂ ಕೂಡಿಸಿದ 1974ರ ಅವನ ಪುಸ್ತಕದಲ್ಲಿ, ಕಿತ್ತುಬಾರದ ಒಂದು ಸ್ಕ್ರೂ ಮುಂದೆ ಮನುಷ್ಯನ ತಿಳಿವಳಿಕೆಯೆಲ್ಲ ಹೇಗೆ ನಿಂತುಹೋಗುತ್ತೆ, ಅಲ್ಲಿಂದ ನಿಜವಾದ ಯೋಚನೆ ಹೇಗೆ ಶುರುವಾಗುತ್ತೆ ಅನ್ನೋ ವಿಚಾರ ಬರುತ್ತೆ. ಒಳ್ಳೇ ಭಾಗ. ಆದರೆ ಅವನಿಗೆ ಸ್ಕ್ರೂಗಿಂತ ತತ್ವ ಮುಖ್ಯ. ಹೇನ್ಸ್‌ಗೆ ತತ್ವ ಬೇಡ, ಸ್ಕ್ರೂ ಜೊತೆ ಕೂರೋ ತಾಳ್ಮೆಯೂ ಇಲ್ಲ. ನನ್ನಂಥ ಓದುಗನಿಗೆ ಬೇಕಾದ ಪುಸ್ತಕ ಇವರಿಬ್ಬರ ನಡುವೆ ಎಲ್ಲೋ ಇದೆ.

'ಈಗ ಪುಸ್ತಕ ಯಾಕೆ, ವಿಡಿಯೋ ಇದೆಯಲ್ಲ' ಅಂತೀರಿ. ಇದೆ, ನಾನೂ ನೋಡಿದ್ದೀನಿ. ಭಾಗ ಎಲ್ಲಿದೆ, ಯಾವ ಕೋನದಲ್ಲಿ ಪಾನಾ ಒಳಗೆ ಹೋಗುತ್ತೆ ಅಂತ ತೋರಿಸೋದರಲ್ಲಿ ಯಾವ ಪುಸ್ತಕವೂ ವಿಡಿಯೋಗೆ ಸಮ ಅಲ್ಲ. ಆದರೆ ವಿಡಿಯೋಗೆ ಅದರದೇ ವ್ಯಾಕರಣ ಇದೆ, ಆ ವ್ಯಾಕರಣದ ಮುಖ್ಯ ಸೂತ್ರ ಕತ್ತರಿ. ಬೋಲ್ಟಿಗೆ ಪಾನಾ ಇಟ್ಟದ್ದು ಕಾಣುತ್ತೆ, ಮರುಕ್ಷಣ ಬೋಲ್ಟ್ ಕೈಯಲ್ಲಿರುತ್ತೆ. ನಡುವಿನ ಒಂದೂವರೆ ಗಂಟೆ ನೋಡುಗನಿಗೆ ಬೋರು, ಹಾಗಾಗಿ ಕಟ್. ಪುಸ್ತಕದ 'ತೆಗಿ' ಅನ್ನೋ ಪದಕ್ಕೂ ಈ ಕಟ್ಟಿಗೂ ವ್ಯತ್ಯಾಸ ಇಲ್ಲ. ಪುಸ್ತಕ ಓದುವಾಗ ಮಾತ್ರ ಇಲ್ಲೇನೋ ಹೇಳಿಲ್ಲ ಅಂತ ಅನುಮಾನ ಬರುತ್ತೆ. ವಿಡಿಯೋ ನೋಡುವಾಗ ಎಲ್ಲ ಕಣ್ಣಾರೆ ಕಂಡೆ ಅನ್ನೋ ಭ್ರಮೆ.

ಇನ್ನೊಂದು ವಿಷಯ ಗಮನಿಸಿ. ಎಷ್ಟೋ ವಿಡಿಯೋಗಳಲ್ಲಿ ಕಾರು ಗ್ಯಾರೇಜಿನ ಲಿಫ್ಟ್ ಮೇಲಿರುತ್ತೆ, ನಾಲ್ಕೂ ಚಕ್ರ ಗಾಳಿಯಲ್ಲಿ. ಹೊಸ ಆರ್ಮ್ ಕೂರಿಸಿ, ಗಾಳಿ ಗನ್ನಿನಿಂದ ಅಲ್ಲೇ 'ಡರ್' ಅಂತ ಬಿಗಿದು, ಕ್ಯಾಮೆರಾಗೆ ಹೆಬ್ಬೆರಳು ತೋರಿಸ್ತಾರೆ. ಬುಷ್ ಜೋತುಬಿದ್ದ ಭಂಗಿಯಲ್ಲೇ ಬಿಗಿಯಾಯ್ತು. ಟಾರ್ಕ್ ರೆಂಚ್ ಕಾಣೋದೇ ಇಲ್ಲ. ಡ್ರೈವ್ ಶಾಫ್ಟ್ ವಿಷಯವೂ ಅಷ್ಟೆ. ಬಾಲ್ ಜಾಯಿಂಟ್ ಬಿಡಿಸಿದ ಮೇಲೆ ಹಬ್ ಹೊರಕ್ಕೆ ಜೋಲಿ ಹೊಡೆಯುತ್ತೆ, ಆಗ ಶಾಫ್ಟಿನ ಒಳಕೀಲು ಕಳಚಿಕೊಳ್ಳಬಹುದು. ಹಗ್ಗದಲ್ಲೋ ತಂತಿಯಲ್ಲೋ ಹಬ್ಬನ್ನು ಕಟ್ಟಿಡಬೇಕು. ಅನುಭವಿ ಮೆಕ್ಯಾನಿಕ್ ಇದನ್ನು ಮಂಡಿ ಕೊಟ್ಟು ತಡೆದಿರ್ತಾನೆ, ಬಾಯಿಬಿಟ್ಟು ಹೇಳಿರಲ್ಲ. ಅವನ ಮಂಡಿ ಮಾಡಿದ ಕೆಲಸ ಸ್ಕ್ರಿಪ್ಟಿನಲ್ಲಿ ಇಲ್ಲ.

ಇಲ್ಲಿಗೆ ನಿಜವಾದ ಪ್ರಶ್ನೆ ಬರುತ್ತೆ. ಹೇನ್ಸ್ 'ನೀನು' ಅನ್ನೋದು ಯಾರಿಗೆ? ಕಾರಿನ ಮಾಲೀಕನೂ ರಿಪೇರಿ ಮಾಡೋನೂ ಒಬ್ಬನೇ ಆಗಿರೋ ಮನುಷ್ಯನಿಗೆ. ನಮ್ಮಲ್ಲಿ ಇವರು ಇಬ್ಬರು. ಕಾರಿರೋನು ಓದಿದವನು, ಕಾರಿನಡಿ ಮಲಗೋನು ಓದು ಬಿಟ್ಟವನು. ಕೂಲಿ ಅಗ್ಗ ಇರೋವರೆಗೆ ಮೊದಲಿನವನಿಗೆ ಪುಸ್ತಕ ಬೇಕಿಲ್ಲ. ಎರಡನೆಯವನಿಗೆ ಅಂತ ಯಾರೂ ಬರೆಯೋ ಗೋಜಿಗೆ ಹೋಗಲಿಲ್ಲ. ಅವನ ವಿದ್ಯೆ ಕೈಯಿಂದ ಕೈಗೆ ಹೋಯ್ತು, ಬೈಗುಳದ ಜೊತೆ. ಹತ್ತನೇ ಕ್ಲಾಸು ಮುಗಿಸದ ಹುಡುಗ ವರ್ಷಗಟ್ಟಲೆ ಪಾನಾ ಎತ್ತಿಕೊಟ್ಟು, ಒಂದು ದಿನ 'ಬುಷ್ ಬೋಲ್ಟ್ ಮೇಲಿದ್ದಾಗ ಬಿಗೀಬೇಡ ಲೋ' ಅಂತ ತಲೆಗೆ ತಟ್ಟಿಸಿಕೊಂಡು ಕಲೀತಾನೆ. ಅವನಿಗೂ ಕಾರಣ ಸಿಗೋದು ಅಪರೂಪ.

ಕೈಕೆಲಸದ ಮಹತ್ವ ಹೊಗಳೋ ಇಂಗ್ಲಿಷ್ ಪುಸ್ತಕಗಳು ಈಚೆಗೆ ನಮ್ಮ ಆಫೀಸುಗಳಲ್ಲೂ ಓಡಾಡ್ತಿವೆ. ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬೈಕ್ ರಿಪೇರಿ ಅಂಗಡಿ ಇಟ್ಟ ಮ್ಯಾಥ್ಯೂ ಕ್ರಾಫರ್ಡ್‌ನ 2009ರ ಪುಸ್ತಕ ಅದರಲ್ಲಿ ಮುಖ್ಯವಾದದ್ದು. ಕೈಕೆಲಸದಲ್ಲೂ ಯೋಚನೆ ಇದೆ ಅನ್ನೋ ಅವನ ವಾದ ನನಗೂ ಒಪ್ಪಿಗೆ. ಆದರೆ ಹಳ್ಳಿಯಿಂದ ಬಂದವನಿಗೆ ಆ ಹೊಗಳಿಕೆ ಪೂರ್ತಿ ಗಂಟಲಲ್ಲಿ ಇಳಿಯಲ್ಲ. ಕೈ ಮಣ್ಣಾಗಬಾರದು ಅಂತಲೇ ನಮ್ಮನ್ನು ಬಿಇ ಓದಿಸಿದ್ದು. ನಾನು ಶನಿವಾರ ಗ್ರೀಸ್ ಮೆತ್ತಿಕೊಂಡರೆ ಅದು ಹವ್ಯಾಸ, ಸೋಮವಾರ ತೊಳೆದುಹೋಗುತ್ತೆ. ನಮ್ಮೂರ ಟ್ರಾಕ್ಟರ್ ಶೆಡ್ಡಿನಲ್ಲಿರೋ ನನ್ನ ಜೊತೆ ಓದಿದವನ ಉಗುರಿನ ಗ್ರೀಸ್ ಹೋಗಲ್ಲ. ಅವನ ಕೆಲಸದ ಬಗ್ಗೆ ಭಾವುಕವಾಗಿ ಬರೆಯೋದಕ್ಕಿಂತ, ಅವನಿಗೆ ಗೊತ್ತಿರೋದನ್ನು ಕಾರಣ ಸಮೇತ ಬರೆದಿಡೋದು ಹೆಚ್ಚು ಮರ್ಯಾದೆಯ ಕೆಲಸ ಅಂತ ನನ್ನ ಅಭಿಪ್ರಾಯ.

ಕನ್ನಡದಲ್ಲಿ ಅಂಥ ಪುಸ್ತಕ ಬರೆಯೋಕೆ ಭಾಷೆ ಅಡ್ಡಿ ಅಲ್ಲ. 'ಬುಷ್ ಹೋಗಿದೆ', 'ಬಾಲ್ ಜಾಯಿಂಟ್ ಪ್ಲೇ ಬಂದಿದೆ', 'ನಟ್ ಕಚ್ಚಿಕೊಂಡಿದೆ', ಗ್ಯಾರೇಜಿನ ಕನ್ನಡ ಆಗಲೇ ಸಿದ್ಧವಾಗಿದೆ. ಅದರಲ್ಲಿ ಮೂರು ಇರಬೇಕು. ಪ್ರತಿ ಎಚ್ಚರಿಕೆಗೂ ಕಾರಣ. ಬಿಚ್ಚೋದಕ್ಕೂ ಜೋಡಿಸೋದಕ್ಕೂ ಬೇರೆ ಬೇರೆ ಪುಟ. ಅಲ್ಲಾಡದ ಬೋಲ್ಟಿಗೆ ಅದರದೇ ಒಂದು ಅಧ್ಯಾಯ, ಅದರ ಕೊನೆಗೆ ಎಲ್ಲಿ ನಿಲ್ಲಿಸಿ ಮೆಕ್ಯಾನಿಕ್ ಕರೀಬೇಕು ಅನ್ನೋ ಗೆರೆ. ಹೇನ್ಸ್‌ನ ಸ್ಪಾನರ್ ಚಿತ್ರವನ್ನು ಮಾತ್ರ ಕೇಳದೇ ಕದ್ದುಬಿಡಬಹುದು.

ಅಲ್ಲಿಯವರೆಗೆ ಹೇನ್ಸ್ ಓದಿ, ಹಳೇ ಪ್ರತಿ ಎಲ್ಲಾದರೂ ಸಿಕ್ಕರೆ. ವಿಡಿಯೋನೂ ನೋಡಿ, ಕಟ್ ಎಲ್ಲೆಲ್ಲಿ ಬೀಳುತ್ತೆ ಅಂತ ಎಣಿಸಿಕೊಂಡು. ನಿಮ್ಮ ಕಾರು ಗ್ಯಾರೇಜಿಗೇ ಹೋಗೋದಾದರೂ ಪರವಾಗಿಲ್ಲ, ಒಂದೇ ಒಂದು ಪ್ರಶ್ನೆ ಕೇಳಿ: 'ಬುಷ್ ಬೋಲ್ಟ್ ಕೆಳಗಿಳಿಸಿದ ಮೇಲೆ ಟೈಟ್ ಮಾಡ್ತೀರಲ್ವಾ?' ಹೌದು ಅಂದ್ರೆ, ಯಾಕೆ ಅಂತಲೂ ಕೇಳಿ. ಹೇಳೋ ಉತ್ಸಾಹ ಇರೋ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ, ಅವರು ಕೇಳಿದ ಕೂಲಿ ಕೊಡಿ. ಮತ್ತೆ, ಅಲೈನ್‌ಮೆಂಟ್ ಮಾಡಿಸೋದು ಮರೀಬೇಡಿ.